ಅಂದಪ್ಪನ ತೊಡೆ ಮತ್ತು ಫೋನಿನ ನರ್ಸ್

ಕೌಸರ ಬೆಟಗೇರಿಯ ಹುಡುಗಿ. ಹುಡುಗಿ ಅಂದರೆ ನಲವತ್ತೆರಡು ದಾಟಿದೆ. ಆದರೆ ಆಸ್ಪತ್ರೆಯವರು ಇನ್ನೂ ಹಾಗೇ ಕರೆಯುತ್ತಾರೆ, ಸಂಬಳವನ್ನೂ ಅದೇ ಲೆಕ್ಕದಲ್ಲಿ ಕೊಡುತ್ತಾರೆ. ಗದಗಿನ ಆ ಖಾಸಗಿ ಆಸ್ಪತ್ರೆಯ ಎಲುಬಿನ ವಾರ್ಡಿನಲ್ಲಿ ಹದಿನಾರು ವರ್ಷ ದಪ್ಪದಪ್ಪ ಗಂಡಸರನ್ನು ಎತ್ತಿ ಕೂರಿಸಿ, ಹೊರಳಿಸಿ ಮಲಗಿಸಿ, ಕೊನೆಗೆ ಅವಳ ಸೊಂಟವೇ ಕೈಕೊಟ್ಟಿತು. ಮ್ಯಾನೇಜರ್ ಪುಂಡಲೀಕಪ್ಪ ಜಾಣ. ಖಾಲಿ ಸಲಾಯಿನ್ ಡಬ್ಬಿಗಳನ್ನು ಒಟ್ಟಿದ್ದ ಕೋಣೆಯಲ್ಲಿ ಒಂದು ಕುರ್ಚಿ, ಒಂದು ಮೊಬೈಲ್ ಇಟ್ಟು ಅವಳನ್ನು ಕೂರಿಸಿದ. ಹೊರಗೆ ಫ್ಲೆಕ್ಸ್ ಏರಿತು: ‘ಆಪರೇಷನ್ ಆದ ಮೇಲೂ ನಿಮ್ಮ ಮನೆಯಲ್ಲೇ ನಮ್ಮ ನರ್ಸ್.’ ಅದರಲ್ಲಿ ನಗುತ್ತಿದ್ದ ನರ್ಸ್ ಯಾವ ದೇಶದವಳೋ, ಕೌಸರಳಂತೂ ಅಲ್ಲ.

ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆಯಿಂದ ಬಂದು ಕೈಕಾಲಿಗೆ ರಾಡ್ ಹಾಕಿಸಿಕೊಂಡು ಹೋದವರಿಗೆ ದಿನಾ ಫೋನ್ ಮಾಡುವುದು ಅವಳ ಕೆಲಸ. ಮೊದಲ ಪ್ರಶ್ನೆ ‘ಆರಾಮ ಇದ್ದೀರಾ?’ ಹೌದು ಅಂದರೆ ಕಂಪ್ಯೂಟರಿನಲ್ಲಿ ಹಸಿರು ಚುಕ್ಕೆ, ಫೋನ್ ಬಂದ್, ಮೂರು ನಿಮಿಷದಲ್ಲಿ ಮುಗಿಯಬೇಕು. ಈ ಪ್ರಶ್ನೆ ಬರೆದ ಪುಣ್ಯಾತ್ಮ ನಮ್ಮ ಕಡೆ ಒಂದು ದಿನವೂ ಇದ್ದವನಲ್ಲ. ಇಲ್ಲಿ ಅದಕ್ಕೆ ಇರುವುದು ಒಂದೇ ಉತ್ತರ. ಮುಂಡರಗಿಯ ಒಬ್ಬ ನೂರಾಮೂರು ಜ್ವರದಲ್ಲಿ ನಡುಗುತ್ತಲೇ ‘ಆರಾಮ ಅದೀನ್ರಿ, ನೀವು?’ ಅಂದಿದ್ದ. ಅಂದಿನಿಂದ ಕೌಸರ ಆ ಪ್ರಶ್ನೆಗೆ ತಾನೇ ಚುಕ್ಕೆ ಹಾಕಿ, ನೋಡಲು ಯಾರು ಬಂದಿದ್ದರು, ಎಷ್ಟು ಹೊತ್ತು ಕೂತರು, ಏನಂದರು ಎಂದು ಕೇಳತೊಡಗಿದಳು. ತನ್ನ ನೋವು ಮುಚ್ಚಿಡುವ ಮನುಷ್ಯ ಬೀಗರ ಸುದ್ದಿ ಮುಚ್ಚಿಡುವುದಿಲ್ಲ. ಒಂದೊಂದು ಫೋನೂ ಕಾಲು ತಾಸು ಎಳೆಯಿತು. ಹರಟೆ ಹೊಡೆಯಲು ಸಂಬಳವೇ ಎಂದು ಪುಂಡಲೀಕಪ್ಪ ವಾರಕ್ಕೆರಡು ಸಲ ಬೈಯುತ್ತಿದ್ದ.

ಹೀಗಿರುವಾಗ ಅಡರಕಟ್ಟಿಯ ಅಂದಪ್ಪ ಅವಳ ಪಾಲಿಗೆ ಬಂದ. ಊರಿನ ದೊಡ್ಡ ಕುಳ. ಎತ್ತು ಹಾಯ್ದು ಕೆಡವಿತೆಂದು ಆತ ಹೇಳುತ್ತಾನೆ. ನಿಜವೆಂದರೆ, ಪಾಯಖಾನೆಗೆಂದು ತಾನೇ ತೋಡಿಸುತ್ತಿದ್ದ ಗುಂಡಿಯೊಳಗೆ, ಆಳುಗಳನ್ನು ಬೈಯುತ್ತ ಬೈಯುತ್ತ ಹಿಂದೆ ಸರಿದು ಬಿದ್ದ. ಬಲತೊಡೆಯ ಎಲುಬು ಮುರಿಯಿತು. ರಾಡ್ ಹಾಕಿ, ಹೊಲಿಗೆ ಹಾಕಿ, ಬ್ಯಾಂಡೇಜ್ ಬಿಚ್ಚಬೇಡಿ, ಗಾಯಕ್ಕೆ ಏನೂ ಹಚ್ಚಬೇಡಿ ಎಂದು ಚೀಟಿ ಬರೆದು ಮನೆಗೆ ಕಳಿಸಿದರು. ಆತ ಚೀಟಿಯನ್ನು ಜೋಪಾನವಾಗಿ ಮಡಚಿ ಕನ್ನಡಿಯ ಹಿಂದೆ ಸಿಕ್ಕಿಸಿದ.

ಆಸ್ಪತ್ರೆಯ ಫೋನು ಅಂದಪ್ಪನಿಗೆ ಮರ್ಯಾದೆಯ ವಿಷಯವಾಯಿತು. ನೋಡಲು ಬಂದವರಿಂದ ಪಡಸಾಲೆ ತುಂಬುವ ಹನ್ನೊಂದು ಗಂಟೆಗೇ ಫೋನ್ ಮಾಡಬೇಕೆಂದು ಗೊತ್ತುಮಾಡಿದ. ಫೋನ್ ಬಂದೊಡನೆ ಸ್ಪೀಕರ್ ಹಾಕಿ, ಗದಗಿನವರು ತನ್ನನ್ನು ದಿನಾ ವಿಚಾರಿಸುವುದನ್ನು ಎಲ್ಲರಿಗೂ ಕೇಳಿಸುವನು. ಗಾಯ ನೋಡಲೆಂದು ಕೌಸರ ಹಚ್ಚಿಸಿದ ವಿಡಿಯೋದಲ್ಲಿ ಮೀಸೆ ಕಂಡಿತು, ತಲೆಯ ಮೇಲಿನ ಪಟಗ ಕಂಡಿತು, ಬೀಗರು ತಂದ ಬಾಳೆಗೊನೆಯೂ ಕಂಡಿತು. ಕಾಲು ಮಾತ್ರ ಕಾಣಲಿಲ್ಲ. ಹೆಣ್ಣುಮಗಳಿಗೆ ತೊಡೆ ತೋರಿಸಲು ತನಗೇನು ನಾಚಿಕೆಯಿಲ್ಲವೇ ಎಂದ. ಹದಿನಾರು ವರ್ಷ ಜಿಲ್ಲೆಯ ತೊಡೆಗಳನ್ನೆಲ್ಲ ಎತ್ತಿ ಇಟ್ಟವಳಿಗೆ ನಗು ಬಂತು, ನಗಲಿಲ್ಲ.

ಒಂಬತ್ತನೆಯ ದಿನ ಆತ ಮಂದಿಯ ಮೇಲೆ ಸಿಟ್ಟಾಗಿದ್ದ. ಶಿರಹಟ್ಟಿಯ ಭಾವಮೈದುನ ಚಹಾ ಮುಟ್ಟದೆ ಬಾಗಿಲಲ್ಲೇ ನಿಂತು ಬಸ್ಸು ತಪ್ಪುತ್ತದೆಂದು ಓಡಿದನಂತೆ. ಮಾಗಡಿಯ ತಂಗಿ ಉಪ್ಪಿಟ್ಟಿನ ಪ್ಲೇಟು ಹಿಡಿದು ಹೊರಗಿನ ಕಟ್ಟೆಗೆ ಹೋಗಿ ಕೂತಳಂತೆ. ಅದು ಸಾಲದೆಂದು ಹೆಂಡತಿ ಶಾರದವ್ವ ದಿನಕ್ಕೊಂದು ಪಾಕೀಟು ಊದಿನಕಡ್ಡಿ ಸುಡುತ್ತಿದ್ದಾಳಂತೆ.

ಕೌಸರ ಲೆಕ್ಕ ಹಾಕಿದಳು. ನೋಡಲು ಬಂದವರು ಹಗೆಯ ಮನೆಯಲ್ಲೂ ಚಹಾ ಕುಡಿಯದೆ ಏಳುವುದಿಲ್ಲ. ತಂಗಿಯೇ ಎದ್ದು ಹೊರಗೆ ಹೋದಳೆಂದರೆ ಗಾಯ ಕೊಳೆತಿದೆ. ಕೀವು ರಾಡಿನವರೆಗೆ ಇಳಿದರೆ ಕಾಲು ತೆಗೆಯಬೇಕು. ಕಾಲಿಗೇ ನಿಲ್ಲುತ್ತದೆಂಬ ಭರವಸೆಯೂ ಇಲ್ಲ. ಓಡಿಹೋಗಿ ಪುಂಡಲೀಕಪ್ಪನಿಗೆ ಹೇಳಿದಳು. ಆತ ಕಂಪ್ಯೂಟರ್ ನೋಡಿದ. ಒಂಬತ್ತು ದಿನ, ಒಂಬತ್ತು ಹಸಿರು ಚುಕ್ಕೆ. ಪೇಶಂಟೇ ಆರಾಮ ಎಂದಮೇಲೆ ನಡುವೆ ನಿನ್ನದೇನು, ದೊಡ್ಡ ಮನೆತನ, ಕೆಣಕಬೇಡ ಎಂದು ಕಳಿಸಿದ.

ಅವಳು ವಾಪಸು ಬಂದವಳೇ ಮತ್ತೆ ಫೋನ್ ಹಚ್ಚಿದಳು. ಒಂದೇ ದಿನ ಎರಡನೇ ಸಲ ಫೋನ್ ಬಂದದ್ದಕ್ಕೆ ಅಂದಪ್ಪ ಉಬ್ಬಿಹೋಗಿ ಸ್ಪೀಕರ್ ಹಾಕಿ, ಆರಾಮ ಅದೀನಿ ತಂಗಿ ಎಂದ.

“ನಿಮ್ಮನ್ನ ಕೇಳಾಕ ಹತ್ತಿಲ್ರಿ ಯಜಮಾನ್ರ. ಬಾಗಲದಾಗ ನಿಂತವ್ರನ್ನ ಕೇಳತೀನಿ. ಕಾಲು ನಾರತೈತೊ ಇಲ್ಲೊ, ಖರೆ ಹೇಳ್ರಿ.”

ಪಡಸಾಲೆಯಲ್ಲಿ ಯಾರೋ ಕೆಮ್ಮಿದರು. ಅಂದಪ್ಪ ಫೋನ್ ಆರಿಸಲು ತಡಕಾಡಿದ. ಹಾಕಲು ಕಲಿತಿದ್ದನೇ ಹೊರತು ಆರಿಸಲು ಕಲಿತಿರಲಿಲ್ಲ. ಆಗ ಅಡುಗೆಮನೆಯ ಬಾಗಿಲಿಂದ ಶಾರದವ್ವನ ದನಿ ಬಂತು. ಮೂವತ್ತೈದು ವರ್ಷದಲ್ಲಿ ನಾಲ್ಕು ಜನರೆದುರು ಗಂಡನ ಮಾತು ತೆಗೆದುಹಾಕಿದವಳಲ್ಲ.

“ನಾಕ ದಿನಾತ್ರಿ. ಹುಚ್ಚೀರಪ್ಪನ್ನ ಕರಿಸಿ ತಪ್ಪಲ ಕಟ್ಟಿಸ್ಯಾರ.”

ಹುಚ್ಚೀರಪ್ಪ ಸುತ್ತಲ ಊರುಗಳಲ್ಲಿ ಮುರಿದ ಎಲುಬಿಗೆ ಸೊಪ್ಪು ಅರೆದು ಕಟ್ಟುವವನು. ಆತ ಬ್ಯಾಂಡೇಜ್ ಬಿಚ್ಚಿ, ಹೊಲಿಗೆಯ ಮೇಲೇ ಹಸಿ ಸೊಪ್ಪು ಮೆತ್ತಿ, ಬಿದಿರು ದಬ್ಬೆ ಬಿಗಿದಿದ್ದ. ಅಂದಪ್ಪನ ಹಿಕಮತ್ತೂ ಸಣ್ಣದಲ್ಲ: ರಾಡು ಡಾಕ್ಟರದು, ಎಲುಬು ನಮ್ಮದು, ಎರಡಕ್ಕೂ ಬೇರೆಬೇರೆ ವ್ಯವಸ್ಥೆ ಇರಲಿ ಎಂದು. ಕೌಸರ ಫೋನಿಟ್ಟರೆ ಕೆಟ್ಟಿತೆಂದು ಹಿಡಿದೇ ಕೂತಳು. ದಬ್ಬೆ ಸಡಿಲಿಸಿರಿ, ಸೊಪ್ಪು ಕಿತ್ತು ಎಳೆಯಬೇಡಿ, ಹೊಟ್ಟೆಗೆ ಏನೂ ಕೊಡಬೇಡಿ, ನೂರಾಎಂಟಕ್ಕೆ ಫೋನ್ ಮಾಡಿಸಿರಿ ಎಂದು ಶಾರದವ್ವನಿಗೆ ಒಂದೊಂದಾಗಿ ಹೇಳಿದಳು. ಆ ಹೆಂಗಸು ಒಂದೂ ತಪ್ಪಿಸಲಿಲ್ಲ. ಅಂದಪ್ಪ ಗದಗು ಮುಟ್ಟಿದ. ಒಳಗೆಲ್ಲ ತೊಳೆದ ಡಾಕ್ಟರು, ಇನ್ನೆರಡು ದಿನ ತಡವಾಗಿದ್ದರೆ ಕಾಲು ಕತ್ತರಿಸುತ್ತಿದ್ದೆ ಎಂದರು. ಕಾಲು ಉಳಿಯಿತು. ಹೊಗಳಿಕೆ ಡಾಕ್ಟರಿಗೆ ಹೋಯಿತು, ಕೌಸರಳಿಗೆ ಮುಂಡರಗಿಯ ಮಣಿಕಟ್ಟೊಂದಕ್ಕೆ ಫೋನ್ ಮಾಡುವ ಕೆಲಸ ಬಾಕಿಯಿತ್ತು.

ನಾಲ್ಕು ತಿಂಗಳಾದ ಮೇಲೆ ಮೇಲಿನ ಮಹಡಿಯಿಂದ ಅವಳಿಗೆ ಕರೆ ಬಂತು. ಪುಂಡಲೀಕಪ್ಪನೆದುರು ಪಟಗ ಸುತ್ತಿದ ಒಬ್ಬ ಕೂತಿದ್ದ. ಮೀಸೆ ನೋಡಿ ಗುರುತು ಹಿಡಿದಳು. ಬೀಗರೆದುರು ತನ್ನ ಕಾಲು ನಾರುತ್ತದೆ ಎಂದು ಈ ನರ್ಸ್ ಮರ್ಯಾದೆ ಕಳೆದಳು, ಮೊಮ್ಮಕ್ಕಳ ಕಾಲಕ್ಕೂ ಈ ಮಾತು ಹೋಗುವುದಿಲ್ಲ ಎಂದು ಅಂದಪ್ಪ ತಕರಾರು ಕೊಡಲು ಬಂದಿದ್ದ. ಲಿಫ್ಟು ಕೆಟ್ಟಿತ್ತು. ಇಪ್ಪತ್ತೆರಡು ಮೆಟ್ಟಿಲು ಏರಿ ಬಂದಿದ್ದ, ಕೋಲೂ ಇಲ್ಲದೆ.

ಕ್ಷಮೆ ಕೇಳು ಎಂದ ಪುಂಡಲೀಕಪ್ಪ. ಕೌಸರಳಿಗೆ ಸಿಟ್ಟು ಬರಬೇಕಿತ್ತು. ಬಂದದ್ದು ಸಂತೋಷ. ಅಂದಪ್ಪನ ಮುಖ ಬಿಟ್ಟು ಧೋತರದ ಕೆಳಗಿನ ಆ ಬಲಗಾಲನ್ನೇ ನೋಡುತ್ತ ನಿಂತಳು. ಅದು ನೆಲದ ಮೇಲೆ ನೆಟ್ಟಗೆ ಊರಿತ್ತು.

“ತಪ್ಪಾತ್ರಿ ಯಜಮಾನ್ರ” ಎಂದಳು. “ಇಳಿವಾಗ ಮುರದ ಕಾಲು ಮೊದಲ ಇಡ್ರಿ.”

ಅಂದಪ್ಪ ಗುರ್ ಎಂದು ಎದ್ದು ಹೊರಟ. ಮೆಟ್ಟಿಲ ತುದಿಗೆ ಬಂದು ಅತ್ತಿತ್ತ ನೋಡಿ, ಯಾರೂ ನೋಡುತ್ತಿಲ್ಲವೆಂದು ಖಾತ್ರಿಯಾದ ಮೇಲೆ, ಬಲಗಾಲನ್ನೇ ಮೊದಲು ಕೆಳಗಿಟ್ಟ.