ಅಕ್ಕ ಗುಳಿಗೆ ತಪ್ಪಿಸಲಿಲ್ಲ

ಮೊನ್ನೆ ಹೊನ್ನಾಳಿ ಬಸ್ ನಿಲ್ದಾಣದಲ್ಲಿ ಯಾರೋ ಲೋಟಕ್ಕೆ ಮಜ್ಜಿಗೆ ಸುರಿದರು. ಶುಂಠಿ, ಕರಿಬೇವಿನ ವಾಸನೆ ಮೂಗಿಗೆ ಬಡಿದದ್ದೇ ತಡ, ಪಕ್ಕದ ಮನೆಯ ಅಕ್ಕ ನೆನಪಾದರು. ಬಸ್ಸು ಬಂದು ಹೋಯಿತು, ನಾನು ಹತ್ತಲಿಲ್ಲ...

ಅಕ್ಕನಿಗೆ ಹಿಂದೆ ಮುಂದೆ ಯಾರೂ ಇರಲಿಲ್ಲ. ವರ್ಗವಾಗಿ ಈ ಊರಿಗೆ ಬಂದ ಒಂಟಿ ಟೀಚರಾದ ನನಗೂ ಅಷ್ಟೇ. ಅಕ್ಕ ಸಂಜೆ ಬಂದು, ನನ್ನ ಸಾರಿಗೆ ಉಪ್ಪು ಕಮ್ಮಿ ಎಂದು ಬೈದು, ಒಂದು ಚೊಂಬು ಮಜ್ಜಿಗೆ ಇಟ್ಟು ಹೋಗುತ್ತಿದ್ದರು.

ಒಂದು ಬೇಸಿಗೆಯಲ್ಲಿ ಅವರಿಗೆ ಬಿಡದ ಜ್ವರ, ಬೆನ್ನುನೋವು. ದಾವಣಗೆರೆಯಲ್ಲಿ ಸ್ಕ್ಯಾನ್ ಮಾಡಿದ ಡಾಕ್ಟರು ನನಗೆ ಬಿಡಿಸಿ ಹೇಳಿದರು. ಎದೆಯಿಂದ ಹೊಟ್ಟೆಗೆ ಇಳಿಯುವ ದೊಡ್ಡ ರಕ್ತನಾಳಕ್ಕೆ ಸೋಂಕು ತಗುಲಿ ಅದು ಉಬ್ಬಿತ್ತು, ಒಡೆದರೆ ಉಳಿಯುವಂತಿರಲಿಲ್ಲ. ಹೊಟ್ಟೆ ಕೊಯ್ದು ಆ ಭಾಗ ತೆಗೆಯುವುದನ್ನು ಅಕ್ಕನ ಹೃದಯ ತಾಳುತ್ತಿರಲಿಲ್ಲ. ಹಾಗಾಗಿ ತೊಡೆಯ ಸಂದಿನಿಂದ ಬಟ್ಟೆ ಹೊದಿಸಿದ ಸ್ಟೆಂಟ್ ತೂರಿಸಿ ಒಳಗಿನಿಂದ ಆಸರೆ ಕೊಟ್ಟರು. ಸೋಂಕು ಮಾತ್ರ ಅಲ್ಲೇ ಇರುತ್ತದೆ, ಅದನ್ನು ಅಡಗಿಸಲು ಬದುಕಿರುವವರೆಗೂ ದಿನಾ ಕ್ಯಾಪ್ಸೂಲ್ ಗುಳಿಗೆ ನುಂಗಬೇಕು ಎಂದರು.

ಅಕ್ಕ ಒಂದು ದಿನವೂ ತಪ್ಪಿಸಲಿಲ್ಲ. ಲಿಂಗಪೂಜೆ, ಗುಳಿಗೆ, ಆಮೇಲೆ ತಿಂಡಿ. ಬಂದವರಿಗೆಲ್ಲ "ಒಳಗೆ ಬಟ್ಟೆ ಸುತ್ತಿದ ಪೈಪು ಐತೆ ನೋಡ್ರಿ" ಎಂದು ಜಂಬ ಕೊಚ್ಚಿಕೊಳ್ಳುತ್ತಿದ್ದರು. ಗೆದ್ದೆವು ಎಂದುಕೊಂಡಿದ್ದೆ.

ಮಳೆಗಾಲ ಮುಗಿಯುವ ಹೊತ್ತಿಗೆ ಜ್ವರ ಮತ್ತೆ ಬಂತು. ಗುಳಿಗೆ ಹೇಗೆ ತಗೊಳ್ತೀರಿ ಎಂದು ಡಾಕ್ಟರು ಕೇಳಿದರು.

"ಅದರ ಸಿಪ್ಪೆ ಮೂಳೆಯಿಂದ ಮಾಡ್ತಾರಂತಲ್ರೀ, ಲಿಂಗ ಕಟ್ಟಿಕೊಂಡೋಳು ಹೆಂಗೆ ನುಂಗಾಕೆ ಆಗ್ತೈತೆ? ಬಿಚ್ಚಿ, ಪುಡೀನ ಮಜ್ಗೆಗೆ ಹಾಕ್ಕೊಂಡು ಕುಡೀತೀನಿ."

"ಹಾಲಿನ ಜೊತೆ ಬೇಡ ಅಂದಿದ್ದೆನಲ್ಲಮ್ಮ?"

"ಹಾಲಲ್ಲ ಸಾರ್, ಮಜ್ಗೆ!"

ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಮಜ್ಜಿಗೆಯೂ ಆ ಔಷಧಿಯನ್ನು ಮೈಗೆ ಸರಿಯಾಗಿ ಹತ್ತಗೊಡುವುದಿಲ್ಲವಂತೆ. ಅಷ್ಟರಲ್ಲಿ ಸೋಂಕು ಸ್ಟೆಂಟಿಗೇ ಹಬ್ಬಿತ್ತು. ಅದನ್ನು ಹೊರತೆಗೆಯಲು ಹೊಟ್ಟೆ ಕೊಯ್ಯಲೇಬೇಕು, ಅದು ಆಗದ ಮಾತು. ಸಿಪ್ಪೆ ತನಗೆ ಆಗದು ಎಂದು ಅಕ್ಕ ಮೊದಲೇ ಬಾಯಿಬಿಟ್ಟು ಹೇಳಿದ್ದರೆ ಡಾಕ್ಟರು ಸಿಪ್ಪೆಯಿಲ್ಲದ ಬೇರೆ ಮಾತ್ರೆ ಬರೆದುಕೊಡುತ್ತಿದ್ದರು. ಊರಿಗೆಲ್ಲ ಬೈಯುವ ಹೆಂಗಸು, ಅದೊಂದು ಮಾತನ್ನು ಮಾತ್ರ ಯಾರಿಗೂ ಹೇಳಲಿಲ್ಲ. ನನಗೆ ಸಿಟ್ಟು ಬಂತು. ಆ ಸಿಟ್ಟು ಇನ್ನೂ ಇದೆ.

ದೀಪಾವಳಿಗೆ ಮುಂಚೆಯೇ ಅಕ್ಕ ಹೋದರು...

ಈಗ ಆ ಮನೆಯಲ್ಲಿ ಬೇರೆಯವರಿದ್ದಾರೆ. ಒಳ್ಳೆಯ ಜನ. ಕಂಡರೆ ನಗುತ್ತಾರೆ, "ಆರಾಮ ಇದೀರಾ ಮೇಡಂ?" ಅನ್ನುತ್ತಾರೆ. ಆರಾಮ ಅನ್ನುತ್ತೇನೆ. ಹೋದ ವಾರವೂ ಹಾಗೇ ಅಂದೆ. ಜ್ವರಕ್ಕೆ ನನ್ನ ಮೈ ಕೆಂಡದಂತೆ ಸುಡುತ್ತಿತ್ತು.