ಬೀಗರಿಗೆ ಕೊಟ್ಟ ಹದ್ದುಬಸ್ತು ನೋಟಿಸ್

"ತಾತ, ಈ ಭಾನುವಾರ ಮ್ಯಾಪ್‌ಗೆ ಗಡಿ ಹಾಕ್ತಿದೀನಿ. ಅಜ್ಜನ ಮನೆ ಹೊರಗೆ ಉಳಿಯುತ್ತೆ" ಎಂದು ಸಿಂಚನ ಫೋನಿನಲ್ಲಿ ಹೇಳಿದಾಗ ನಾನು ಕಡೂರಿನ ಮನೆಯಲ್ಲಿ ಹಪ್ಪಳ ಮುರಿಯುತ್ತಿದ್ದೆ.

ಸಿಂಚನ ನನ್ನ ಮಗಳ ಮಗಳು, ತರೀಕೆರೆಯಲ್ಲಿ ಡಿಗ್ರಿ ಓದುತ್ತಾಳೆ. ಅವಳು ಹೇಳಿದ ಅಜ್ಜ ಅವಳ ಅಪ್ಪನ ಅಪ್ಪ, ಅಜ್ಜಂಪುರದ ರುದ್ರಪ್ಪನವರು. ಅಂದರೆ ನನಗೆ ಬೀಗರು.

ಮನೆಮಂದಿಯೆಲ್ಲ ಆಡುವ ಈ ಗೇಮ್ ಗೊತ್ತಿಲ್ಲದವರಿಗೆ ಒಂದು ಮಾತು. ಕಂಪ್ಯೂಟರಿನೊಳಗೆ ಒಂದು ಖಾಲಿ ಭೂಮಿ ಇರುತ್ತದೆ. ಎಲ್ಲರೂ ಅವರವರ ಮನೆಯಿಂದಲೇ ಅದರೊಳಗೆ ಹೋಗಿ, ಕಲ್ಲು ಮಣ್ಣಿನ ಬ್ಲಾಕ್ ಜೋಡಿಸಿ ಮನೆ ಕಟ್ಟಬಹುದು, ತೋಟ ಮಾಡಬಹುದು.

ಅದನ್ನೆಲ್ಲ ಹೊತ್ತುಕೊಂಡಿರುವ ಮಷಿನ್ನಿಗೆ ಸರ್ವರ್ ಅನ್ನುತ್ತಾರೆ. ಸರ್ವರದೂ ಆದ್ದರಿಂದ ಸರ್ವರ್ ಎಂದು ನಾನು ಅರ್ಥ ಮಾಡಿಕೊಂಡೆ. ಸರ್ವೆ ಇಲಾಖೆಯಿಂದ ರಿಟೈರ್ ಆದವನು ಸೀದಾ ಸರ್ವರ್‌ಗೆ ವರ್ಗ ಮಾಡಿಸಿಕೊಂಡೆ.

ಆ ಭೂಮಿಗೆ ಕೊನೆಯೇ ಇಲ್ಲ. ಅದೇ ತೊಂದರೆ. ನಮ್ಮ ಮನೆ ಮಕ್ಕಳು ಓಡಿದಷ್ಟೂ ಹೊಸ ಕಾಡು, ಹೊಸ ಬೆಟ್ಟ ಹುಟ್ಟಿಕೊಂಡು, ಮಷಿನ್ ಹೊರಲಾರದೆ ಏದುಸಿರು ಬಿಡುತ್ತಿತ್ತು.

ಅದಕ್ಕೆ, ಆ ಮಷಿನ್ ನೋಡಿಕೊಳ್ಳುವ ಸಿಂಚನ ಗಡಿ ಹಾಕಲು ಹೊರಟಿದ್ದಳು. ನಡುವಿನಿಂದ ನಾಲ್ಕೂ ದಿಕ್ಕಿಗೆ ಎರಡೆರಡು ಸಾವಿರ ಬ್ಲಾಕ್. ಆಚೆ ನಿಂತವರ ಗೇಮಿನ ಜೀವ ಕರಗುತ್ತದೆ.

ಬೀಗರ ಮನೆ ಮೂಡಣಕ್ಕೆ ಮೂರು ಸಾವಿರ ಬ್ಲಾಕ್ ದೂರದಲ್ಲಿತ್ತು.

ಅವರನ್ನು ಅಷ್ಟು ದೂರ ಅಟ್ಟಿದವನು ನಾನೇ…

ಮೊದಲು ಗೇಮಿನಲ್ಲಿ ಅವರ ಮನೆ ನನ್ನ ಮನೆಯ ಪಕ್ಕದಲ್ಲೇ ಇತ್ತು. ಅವರು ಊಟಕ್ಕೆ ಎದ್ದಾಗ ನಾನು ಅವರ ತೋಟದ ಬೇಲಿಯನ್ನು ಒಂದು ಬ್ಲಾಕ್ ಒಳಕ್ಕೆ ಸರಿಸುತ್ತಿದ್ದೆ. ದಿನಕ್ಕೆ ಒಂದೇ. ಬೀಗರು ಬಂದು ಗಿಡ ಎಣಿಸುತ್ತಾರೆ, ಸುತ್ತ ತಿರುಗುತ್ತಾರೆ, ಮತ್ತೆ ಎಣಿಸುತ್ತಾರೆ. ನಾನು ಕಡೂರಿನಲ್ಲಿ ಕೂತು ಹೊಟ್ಟೆ ಹಿಡಿದುಕೊಂಡು ನಗುತ್ತೇನೆ.

ಹತ್ತನೇ ದಿನ ಸಿಕ್ಕಿಬಿದ್ದೆ.

ಬೀಗರ ನಿಜವಾದ ಹೊಲದ ಬದುವನ್ನು ಪಕ್ಕದವನು ವರ್ಷಕ್ಕೊಂದು ಗೇಣು ಉತ್ತು ಉತ್ತು ಒಳಕ್ಕೆ ತಂದಿದ್ದ. ಆ ಒತ್ತುವರಿಯ ಅರ್ಜಿ ಹಿಡಿದು ಅವರು ಎಷ್ಟೋ ವರ್ಷ ತಾಲ್ಲೂಕು ಕಚೇರಿಗೆ ಅಲೆದಿದ್ದರು. ಯಾರಿಗೆ ನೆನಪಿರದಿದ್ದರೂ ನನಗೆ ಇರಬೇಕಿತ್ತು. ಹದ್ದು ಕಾಯಬೇಕಾದವನೇ ಹದ್ದು ಮೀರಿದ್ದೆ.

ಅವರು ಜಗಳ ಆಡಲಿಲ್ಲ. ಗೇಮಿನಲ್ಲಿದ್ದ ಸಾಮಾನೆಲ್ಲ ಕಟ್ಟಿಕೊಂಡು ಮೂಡಣಕ್ಕೆ ನಡೆದುಬಿಟ್ಟರು. ಆಮೇಲೆ ಫೋನೂ ನಿಂತಿತು. ಆರು ತಿಂಗಳಿಂದ ಬೀಗರ ಬಾಯಿಗೆ ಬೀಗ.

ಆದರೂ ದಿನಾ ಸಂಜೆ ಅವರ ಹೆಸರು ಗೇಮಿನಲ್ಲಿ ಕಾಣುತ್ತಿತ್ತು. ಈಗ ಗಡಿ ಬಿದ್ದರೆ ಅವರು ವಾಪಸ್ ಬರುವ ಪೈಕಿ ಅಲ್ಲ, ಆಟವನ್ನೇ ಬಿಡುತ್ತಾರೆ. ಉಳಿದಿದ್ದ ಅದೊಂದು ಎಳೆಯೂ ಹೋಗುತ್ತದೆ.

"ಗಡಿ ದೊಡ್ಡದು ಮಾಡೇ" ಅಂದೆ.

"ಆಗಲ್ಲ ತಾತ, ಮಷಿನ್ ತಡೆಯಲ್ಲ. ಅಜ್ಜಂಗೆ ಮೆಸೇಜ್ ಹಾಕಿದೀನಿ. ನೋಡಿದಾರೆ, ಉತ್ತರ ಇಲ್ಲ."

ಮೆಸೇಜ್ ಯಾವ ನೋಟಿಸ್? ಗಡಿ ಗುರುತಿಸಿ ಕಲ್ಲು ನೆಡುವುದಕ್ಕೆ ನಮ್ಮ ಕೆಲಸದಲ್ಲಿ ಹದ್ದುಬಸ್ತು ಅನ್ನುತ್ತಿದ್ದೆವು. ಅಕ್ಕಪಕ್ಕದ ಜಮೀನಿನವರ ಕೈಗೆ ನೋಟಿಸ್ ಮುಟ್ಟಿಸದೆ ಅಳತೆಯ ಸರಪಳಿ ಬಿಚ್ಚುವಂತಿರಲಿಲ್ಲ.

ಬಿಳಿ ಹಾಳೆಯಲ್ಲಿ ಹಳೇ ಶೈಲಿಯಲ್ಲೇ ನೋಟಿಸ್ ಬರೆದೆ. "ತಾವು ಖುದ್ದು ಹಾಜರಿದ್ದು ತಕರಾರು ಏನಾದರೂ ಇದ್ದಲ್ಲಿ ತಿಳಿಸತಕ್ಕದ್ದು." ಶುಕ್ರವಾರ ಬೆಳಿಗ್ಗೆ ಅದನ್ನು ಜೇಬಿನಲ್ಲಿಟ್ಟುಕೊಂಡು ಅಜ್ಜಂಪುರದ ರೈಲು ಹತ್ತಿದೆ.

ಬೀಗರು ಬಾಗಿಲಲ್ಲಿ ಕಾಯಿ ಸುಲಿಯುತ್ತಿದ್ದರು. "ಬನ್ನಿ" ಎಂದರು, ಅಷ್ಟೇ. ನೋಟಿಸ್ ಕೊಟ್ಟೆ. ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. ಮುಖದಲ್ಲಿ ನಗುವಿನ ಒಂದು ಗೆರೆಯೂ ಇಲ್ಲ.

"ಎಲ್ಲಿಂದ ಅಳೀತೀರಿ?"

"ಗೇಮಲ್ಲಿ ಎಲ್ರೂ ಮೊದ್ಲು ಇಳಿಯೋ ಜಾಗದಿಂದ."

"ಅಂದ್ರೆ ನಿಮ್ಮನೆ ಬಾಗಿಲಿಂದ. ಒಳ್ಳೆ ಸರ್ವೆ ಕಣ್ರೀ. ಜಮೀನು ಎಲ್ರುದು, ಸರಪಳಿ ಕಟ್ಟಿರೋದು ನಿಮ್ಮ ಹೊಸ್ತಿಲಿಗೆ."



ಅವರೆದುರಿಗೇ ಸಿಂಚನಳಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದೆ. "ನಡುವನ್ನೇ ಮೂಡಣಕ್ಕೆ ಸರಿಸೋಕೆ ಆಗುತ್ತಾ?"

"ಆಗುತ್ತೆ ತಾತ, ಅಳತೆ ಅಷ್ಟೇ ಇರುತ್ತಲ್ಲ. ಆದ್ರೆ ಪಡುವಣದ ಕಡೆ ಅಷ್ಟೇ ಜಾಗ ಹೊರಗೆ ಹೋಗುತ್ತೆ. ನಿಮ್ಮ ಕೆರೆನೂ."

ಆ ಕೆರೆಯನ್ನು ನಾಲ್ಕು ತಿಂಗಳು ತೋಡಿದ್ದೆ. ಏರಿ, ತೂಬು, ಕೋಡಿ ಎಲ್ಲ ಇತ್ತು. ಊರಿಗೆಲ್ಲ ಫೋಟೋ ಕಳಿಸಿದ್ದೆ.

"ಹೋಗ್ಲಿ ಬಿಡು, ಸರಿಸು" ಎಂದೆ. ಫೋನಿಟ್ಟು, "ಬೇಲಿ ವಿಷ್ಯದಲ್ಲಿ ತಪ್ಪಾಯ್ತು ಬೀಗ್ರೇ. ನಿಮ್ಮ ಹೊಲದ ಕಥೆ ಗೊತ್ತಿದ್ದೂ ಮಾಡ್ಬಾರ್ದಿತ್ತು" ಎಂದೆ.

ಬೀಗರು ನೋಟಿಸನ್ನು ನಾಲ್ಕು ಮಡಿಕೆ ಮಾಡಿ ಅಂಗಿ ಜೇಬಿಗೆ ಇಟ್ಟುಕೊಂಡರು. ಒಳಗೆ ತಿರುಗಿ, "ಲೇ ಇವಳೇ, ಬೀಗ್ರು ಬಂದವ್ರೆ. ಊಟಕ್ಕೆ ಎಲೆ ಹಾಕು" ಎಂದರು.

ಊಟದ ಮಧ್ಯೆ ಅವರೇ ಬಾಯಿ ಬಿಟ್ಟರು. "ಅಷ್ಟು ದೊಡ್ಡ ಕೆರೆ ಬಿಟ್ಬಿಡ್ತೀರಾ?"

"ನಿಮ್ಮ ಕಡೆ ತೋಡೋಕೆ ಜಾಗ ಇಲ್ವಾ?"

"ಐತೆ. ಆದ್ರೆ ಬದು ಮಾತ್ರ ನಾನೇ ಹಾಕೋದು."

ಭಾನುವಾರ ಮಧ್ಯಾಹ್ನ ಸಿಂಚನ ತರೀಕೆರೆಯಿಂದ, ಬೀಗರು ಅಜ್ಜಂಪುರದಿಂದ, ನಾನು ಕಡೂರಿನಿಂದ ಗೇಮಿನಲ್ಲಿ ಸೇರಿದೆವು. ಹೊಸ ಗಡಿ ಬಿತ್ತು. ನನ್ನ ಕೆರೆ ಆಚೆ ಹೋಯಿತು. ಮೂಡಣದ ಮೂಲೆಯಲ್ಲಿ ಬೀಗರು ಕೈಯಾರೆ ಗಡಿಯ ಬಾಂದು ಕಲ್ಲು ನೆಟ್ಟರು.

"ಇದೇನಾದ್ರೂ ಒಂದು ಬ್ಲಾಕ್ ಅಲ್ಲಾಡಿದ್ರೆ ನೋಡಿ."

"ತಾಲ್ಲೂಕು ಕಚೇರಿಗೆ ಅರ್ಜಿ ಹಾಕ್ತೀರಾ?"

"ಇಲ್ಲ. ನಿಮ್ಮ ಮಗಳಿಗೆ ಹೇಳ್ತೀನಿ."

ಸಿಂಚನ ಒಂದೇ ಸಮನೆ ನಗುತ್ತಿದ್ದಳು. ನಾನು ನಗಲಿಲ್ಲ. ನನ್ನ ಮಗಳ ಬಾಯಿ ನಿಮಗೆ ಗೊತ್ತಿಲ್ಲ.

ಈಗ ದಿನಾ ಸಂಜೆ ಫೋನಿನ ಸ್ಪೀಕರ್ ಹಾಕಿಕೊಂಡು ಇಬ್ಬರೂ ಸೇರಿ ಹೊಸ ಕೆರೆ ತೋಡುತ್ತಿದ್ದೇವೆ. ಅಳತೆ ನನ್ನದು, ತಕರಾರು ಅವರದು.

ನಿಮ್ಮ ತಮಾಷೆಯಿಂದ ಸದ್ದಿಲ್ಲದೆ ಎದ್ದು ಹೋದವರು ಯಾರಾದರೂ ಇದ್ದಾರಾ? ಇದ್ದರೆ, ಅವರ ಊರಿಗೆ ಯಾವ ರೈಲು ಹೋಗುತ್ತದೆ?