ಮಿಂಚಿನ ಮೇಲೆ ಸಿಟ್ಟು

ಮಿಂಚಿನ ಮೇಲೆ ನನಗೆ ಸಿಟ್ಟಿದೆ. ನಗಬೇಡಿ. ಬನಹಟ್ಟಿಯ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ವಿಜ್ಞಾನ ಕಲಿಸಿದವನು ಮೋಡದ ಜೊತೆ ಜಗಳಕ್ಕೆ ನಿಲ್ಲಬಾರದು ಎಂದು ನನಗೂ ಗೊತ್ತು. ಆದರೆ ನಿಂತೆ.

ನಮ್ಮಕ್ಕ ಬೀಸುವ ಕಲ್ಲಿನ ಹಾಡು ಹಾಡುತ್ತಾಳೆ. ಎಪ್ಪತ್ತರ ಹತ್ತಿರ ಬಂದ ಮೇಲೆ ರೇಡಿಯೋದವರು ಕರೆದು ಹಾಡಿಸಿಕೊಂಡರು. ಪ್ರಸಾರ ಸಂಜೆ ಆರೂವರೆಗೆ. ಹುನ್ನೂರಿನಿಂದ ಬೆಳಿಗ್ಗೆಯೇ ಬಂದು ನಮ್ಮ ಮನೆಯಲ್ಲಿ ಕುಳಿತಳು. "ಕಡೀಕ ಹೆಸರ ಹೇಳ್ತಾರಂತೋ ತಮ್ಮಾ, ಅದೊಂದ ಕೇಳಬೇಕ ನೋಡು" ಎಂದಳು. ಆಮೇಲೆ ಮೊಬೈಲಿನಲ್ಲಿ ಕೇಳಿದರಾಯಿತು ಎನ್ನಬೇಡಿ. ನಾಲ್ಕು ಜನ ಕೇಳುವಾಗ ಕೇಳಬೇಕು ಎನ್ನುವುದು ಅವಳ ಆಸೆ.

ನಮ್ಮ ಓಣಿಯಲ್ಲಿ ರೇಡಿಯೋ ಹಚ್ಚಿದರೆ ಮಗ್ಗದ ಮೋಟಾರುಗಳ ಗರಗರವೇ ಮೊದಲು ಬರುತ್ತದೆ. ಪಕ್ಕದ ಮನೆಯ ನೇಕಾರ ಸಿದ್ದಪ್ಪನ ಕೈಕಾಲು ಹಿಡಿದೆ. "ನೀವ್ ಹೇಳಿದ ಮ್ಯಾಲ ಆತ್ರಿ ಸರ, ಕಾಲ್ ತಾಸ ಬಂದ್" ಎಂದು ಇಡೀ ಓಣಿಯನ್ನೇ ಒಪ್ಪಿಸಿದ. ಎಲ್ಲರೂ ನಮ್ಮ ಕಟ್ಟೆಗೆ ಬಂದು ಕುಳಿತರು. ಆಕಾಶವನ್ನು ಒಪ್ಪಿಸುವವರು ಯಾರು? ಜಮಖಂಡಿಯ ಕಡೆ ಕಪ್ಪಾಯಿತು. ಮಿಂಚೆಂದರೆ ದೊಡ್ಡದೊಂದು ಕಿಡಿ. ಕಿಡಿ ಹಾರಿದಲ್ಲೆಲ್ಲ ರೇಡಿಯೋ ಅಲೆ ಹುಟ್ಟುತ್ತದೆ, ಬಡ ರೇಡಿಯೋ ಅದನ್ನೂ ಸ್ಟೇಶನ್ನೆಂದೇ ತಿಳಿಯುತ್ತದೆ. ಮೇಲಾಗಿ, ಹಗಲೆಲ್ಲ ದೂರದ ಅಲೆಗಳನ್ನು ಹೀರಿಕೊಳ್ಳುವ ಆಕಾಶದ ಪದರವೊಂದು ಹೊತ್ತು ಮುಳುಗುತ್ತ ಕರಗುತ್ತದೆ. ಆಗ ಎಲ್ಲೆಲ್ಲಿಯದೋ ಸ್ಟೇಶನ್ನುಗಳು ಕರೆಯದೆ ಬಂದ ಬೀಗರ ಹಾಗೆ ನುಗ್ಗುತ್ತವೆ. ಇದನ್ನೆಲ್ಲ ಕಟ್ಟೆಯ ಮೇಲಿದ್ದವರಿಗೆ ಪಾಠ ಮಾಡಿದೆ. ಯಾರೂ ಕೇಳಿರಲಿಲ್ಲ.

ಹಾಡು ನಿಚ್ಚಳವಾಗಿ ಬಂತು. ಓಣಿಯೇ ತಲೆದೂಗಿತು. ಮುಗಿದ ಮೇಲೆ ಹೆಣ್ಣುದನಿಯೊಂದು "ಇದನ್ನು ಹಾಡಿದವರು..." ಎಂದಿತು. ಮುಧೋಳದ ದಿಕ್ಕಿನಲ್ಲಿ ಫಳ್ಳೆಂದಿತು. ಖರ್‌ರ್‌! ಮುಂದೆ ಕೇಳಿಸಿದ್ದು ಯಾರದೋ ಮರಾಠಿ ಭಾಷಣ.

ರೇಡಿಯೋ ಕುಟ್ಟಿದೆ. ಅಂಗಳಕ್ಕಿಳಿದು ಆಕಾಶಕ್ಕೆ ಬಾಯಿಗೆ ಬಂದಂತೆ ಬೈದೆ. ಮಗ್ಗದವರು ಕಾಲು ತಾಸು ತಡೆದರು, ನಿನಗೆ ಒಂದು ಹೆಸರಿನಷ್ಟು ಹೊತ್ತು ತಡೆಯಲು ಏನು ಧಾಡಿ?

"ಭಾಳ ಛಲೋ ಹಾಡ್ಯಾರ್ರಿ ಸರ" ಎಂದ ಸಿದ್ದಪ್ಪ. "ಏನ ಹೆಸರಂದ್ರು?"

"ಏನ ಹೆಸರಲೇ? ನಮ್ಮಕ್ಕ! ನಮ್ಮಕ್ಕ ಹಾಡಿದ್ದು!" ಎಂದು ಗದರಿದೆ.

ಅಕ್ಕ ತಲೆಯೆತ್ತಿದಳು. "ಸಿಡಿಲ ಇವತ್ತೊಂದ ದಿನ ನುಂಗೇತಿ. ನೀ ಹುಟ್ಟಿದಾಗಿಂದ ನುಂಗಾಕತ್ತಿ. ನನಗೂ ಒಂದ ಹೆಸರೈತಲ್ಲೋ ತಮ್ಮಾ."

ಆಕಾಶಕ್ಕೆ ಬೆನ್ನು ತಿರುಗಿಸಿದೆ. ಕಟ್ಟೆ ಹತ್ತಿ, ತರಗತಿಯಲ್ಲಿ ಹಾಜರಿ ಕೂಗುವ ದನಿಯಲ್ಲಿ ಹೇಳಿದೆ: "ಹಾಡಿದವರು, ಹುನ್ನೂರಿನ ನೀಲವ್ವ."

"ಎಸ್ ಸರ" ಎಂದಳು, ಶಾಲೆಯ ಮೆಟ್ಟಿಲನ್ನೇ ಹತ್ತದ ನೀಲವ್ವ.